ನೀಲಿ ಪೆಟ್ಟಿಗೆಯ ತೋಟಾಗಳು

3 ಮಾರ್ಚ್ 2025, ಸೋಮವಾರ

ಇಲ್ಲಿಯೂ ಬರೆಯದೆ ಬಿಟ್ಟುಬಿಡುವುದರಲ್ಲಿದ್ದೆ: ಆ ನೀಲಿ ಪೆಟ್ಟಿಗೆಯನ್ನು ಆರಿಸಿದವಳು ನಾನು.

ವಿಚಾರಣೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಅಂದುಕೊಂಡಿದ್ದೇನೆ. ಹೇಳಿದ್ದರೂ ನಾಚಿಕೆಪಡುವಂಥದ್ದೇನಿಲ್ಲ. ಕಳೆದ ನವೆಂಬರಿನಲ್ಲಿ ಸಂಸ್ಥೆಯ ಶಾಟ್‌ಗನ್ನಿಗೆ ಹೊಸ ತೋಟಾ ಬೇಕಾಯಿತು. ಫೀಲ್ಡ್ ಸುರಕ್ಷತೆಯ ಫೈಲು ನನ್ನದು. ಅಂಗಡಿಯವರು ಕಳಿಸಿದ ಮೂರು ಮಾದರಿಗಳನ್ನು ಮೇಜಿನ ಮೇಲಿಟ್ಟುಕೊಂಡು ಒಂದು ಮಧ್ಯಾಹ್ನ ಪೂರ್ತಿ ಓದಿದೆ. ಮೂರೂ ಸ್ಲಗ್, ಅಂದರೆ ಸಣ್ಣ ಕಾಳುಗಳಲ್ಲ, ಒಂದು ತೋಟಾಕ್ಕೆ ಒಂದೇ ದಪ್ಪ ಗುಂಡು. ನೀಲಿ ಪೆಟ್ಟಿಗೆಯ ಮೇಲೆ ಒಂದು ಚಿತ್ರವಿತ್ತು: ನೂರು ಮೀಟರ್ ದೂರದಿಂದ ಹೊಡೆದ ಮೂರು ಗುಂಡು ಕಾಫಿ ಲೋಟದ ಬಾಯಿಯಷ್ಟು ಜಾಗದಲ್ಲಿ ಕೂತಿದ್ದವು. ಮಿಕ್ಕ ಎರಡರ ಮೇಲೆ ಅಂಥದ್ದೇನೂ ಇರಲಿಲ್ಲ. ದುಬಾರಿಯದನ್ನೇ ಬರೆದು ಸಹಿ ಹಾಕಿದೆ. ಓದಿ ತಿಳಿದು ಒಳ್ಳೆಯದನ್ನು ಆರಿಸುವುದು ನನ್ನ ಕೆಲಸ. ಹಾಗೇ ಮಾಡಿದೆ.

ಫೆಬ್ರವರಿ ಹದಿನೆಂಟಕ್ಕೆ ಆಥಿ ನದಿಯ ದಂಡೆಯಲ್ಲಿ ನೀರಿನ ಮಾದರಿ ತೆಗೆಯುತ್ತಿದ್ದೆವು. ನಾನು, ನಮ್ಮ ಕೆಮಿಸ್ಟ್ ಡೆಂಜಿಲ್, ಕಾವಲಿಗೆ ಬಂದೂಕು ಹಿಡಿದ ವಿನ್ಸೆಂಟ್. ಪೊದೆಯಿಂದ ಒಂಟಿ ಬಫಲೋ, ಇಲ್ಲಿನ ಕಾಡೆಮ್ಮೆ, ನುಗ್ಗಿತು. ಇಪ್ಪತ್ತು ಮೀಟರ್ ಇದ್ದೀತು. ವಿನ್ಸೆಂಟ್ ಎರಡು ಗುಂಡು ಹೊಡೆದ. ಒಂದು ಎಲ್ಲೋ ಹೋಯಿತು, ಇನ್ನೊಂದು ಅದರ ಭುಜದ ಚರ್ಮ ಹರಿಯಿತು, ಅಷ್ಟೇ. ಡೆಂಜಿಲ್‌ನ ತೊಡೆಮೂಳೆ ಮೂರು ತುಂಡಾಗಿದೆ. ವಿನ್ಸೆಂಟ್ ಸರಿಯಾಗಿ ಹೊಡೆದಿದ್ದರೆ ಹೀಗಾಗುತ್ತಿರಲಿಲ್ಲ. ಹಾಗೇ ಹೇಳಿಕೆ ಬರೆದುಕೊಟ್ಟಿದ್ದೇನೆ. ಏಪ್ರಿಲ್ ಹದಿನಾಲ್ಕಕ್ಕೆ ಶಿಸ್ತು ಸಮಿತಿ ಕೂರುತ್ತದೆ. ತಪ್ಪು ಅವನದೇ ಎಂದಾದರೆ ಕೆಲಸ ಹೋಗುತ್ತದೆ, ಬಂದೂಕಿನ ಸರ್ಟಿಫಿಕೇಟೂ ಹೋಗುತ್ತದೆ.

ಇವತ್ತು ನನ್ನ ತಲೆ ಬಿಸಿಯಾದದ್ದು ಅದಕ್ಕಲ್ಲ. ಆಡಳಿತಾಧಿಕಾರಿ ಕೃಷ್ಣಪ್ರಸಾದ್ ಕರೆಸಿದ್ದರು. ಉಡುಪಿಯವರು, ಮೂವತ್ತು ವರ್ಷದಿಂದ ಈ ಹೊರದೇಶದಲ್ಲಿದ್ದಾರೆ, ದನಿ ಏರಿಸುವುದೇ ಇಲ್ಲ. ಇನ್ನು ಮೇಲೆ ನಾನು ಗಿಗಿರಿಯ ಲ್ಯಾಬಿನಲ್ಲೇ ಇರಬೇಕಂತೆ, ಫೀಲ್ಡಿಗೆ ಬೇರೆ ಯಾರನ್ನಾದರೂ ನೋಡುತ್ತಾರಂತೆ. ಯಾಕೆ ಎಂದೆ. "ನಲವತ್ತಾರು ಆಯ್ತಲ್ಲ ಮೇಡಂ. ಆ ಕೆಸರಿನಲ್ಲಿ ಇನ್ನೂ ಎಷ್ಟು ದಿನ?" ಎಂದರು. ವಿನ್ಸೆಂಟ್ ಅಮಾನತಿನಲ್ಲಿರುವುದರಿಂದ ಕಾವಲಿನವರಿಲ್ಲ ಎಂಬುದು ಎರಡನೆಯ ಕಾರಣ.

ನಿಯಮದಲ್ಲಿ ಕಾವಲಿನವರು ಎಂದಿಲ್ಲ. ತಂಡದಲ್ಲಿ ಬಂದೂಕಿನ ತರಬೇತಿ ಪಡೆದ ಒಬ್ಬರು ಇರಬೇಕು ಎಂದಿದೆ. ಆ ವಾಕ್ಯ ಬರೆದವಳು ನಾನೇ. ಆ ಒಬ್ಬರು ನಾನೇ ಆದರೆ, ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಗುಂಡು ಹೊಡೀತೀರಾ?"

ಹೊಡೆಯುತ್ತೇನೆ.

8 ಮಾರ್ಚ್, ಶನಿವಾರ

ಊರಾಚೆಯ ಶೂಟಿಂಗ್ ರೇಂಜು. ಕಲಿಸುವವರು ಮುಥೋನಿ, ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು, ನನ್ನ ಎದೆಮಟ್ಟಕ್ಕಿದ್ದಾರೆ. ಮೊದಲ ಅರ್ಧ ಗಂಟೆ ಬಂದೂಕು ಮುಟ್ಟಲು ಬಿಡಲಿಲ್ಲ. ಕೈ ಚಾಚಿ ಹೆಬ್ಬೆರಳನ್ನು ದೂರದ ಕಂಬಕ್ಕೆ ಹಿಡಿಯಲು ಹೇಳಿದರು, ಒಂದೊಂದೇ ಕಣ್ಣು ಮುಚ್ಚಲು ಹೇಳಿದರು. ಬಲಗಣ್ಣು ಮುಚ್ಚಿದರೆ ಬೆರಳು ಕಂಬ ಬಿಟ್ಟು ಪಕ್ಕಕ್ಕೆ ಹಾರಿತು. ಅಂದರೆ ನನ್ನದು ಬಲಗಣ್ಣಿನ ನೋಟವಂತೆ. ನಲವತ್ತಾರು ವರ್ಷ ಇದು ಗೊತ್ತಿರಲಿಲ್ಲ.

ನಿಲ್ಲುವುದು ಹೇಗೆ, ಬಂದೂಕಿನ ಹಿಡಿ ಭುಜದ ಯಾವ ಕುಳಿಯಲ್ಲಿ ಕೂರಬೇಕು, ಕೆನ್ನೆ ಹಿಡಿಯ ಮರಕ್ಕೆ ಹೇಗೆ ಅಂಟಬೇಕು. ಕೆನ್ನೆ ಎತ್ತಿದರೆ ಗುಂಡು ಮೇಲೆ ಹೋಗುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅವರು ನೋಟ್‌ಬುಕ್ಕು ಕಿತ್ತು ಬೆಂಚಿನ ಮೇಲಿಟ್ಟರು. ಭುಜಕ್ಕೆ ಓದಲು ಬರುವುದಿಲ್ಲ, ಅದಕ್ಕೆ ಬೇರೆ ರೀತಿ ಹೇಳಬೇಕು ಎಂದರು.

ಇಪ್ಪತ್ತೈದು ಮೀಟರಿಗೆ ಐದು ಗುಂಡು. ಊಟದ ತಟ್ಟೆಯಷ್ಟು ವೃತ್ತದಲ್ಲಿ ಒಂದು. ಮಿಕ್ಕವು ಹಿಂದಿನ ಮಣ್ಣಿನ ದಿಬ್ಬಕ್ಕೆ.

ಪಕ್ಕದ ಸಾಲಿನಲ್ಲಿದ್ದ ಇಬ್ಬರು ಗಂಡಸರು ನೋಡಿ ನಕ್ಕರು. ನಗಲಿ.

9 ಮಾರ್ಚ್

ಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಗಂಡ ಮಧುಕರ ನೋಡಿ, ನಿನಗೇನಾಗಿದೆ ಎಂದು ಕೇಳಿದ. ಆಮೇಲೆ ತಾನೇ ಹೋಗಿ ಐಸ್ ತಂದ. ಮಗಳು ವರ್ಷಿಣಿ ಫೋನಿನಿಂದ ತಲೆ ಎತ್ತದೆ, "ಅಮ್ಮಾ, ದಿಸ್ ಈಸ್ ಸೋ ನಾಟ್ ಯೂ" ಎಂದಳು.

ಹಾಗಾದರೆ ನಾನು ಯಾವುದು ಅಂತ ಕೇಳಬೇಕಿತ್ತು. ಚಪಾತಿ ಲಟ್ಟಿಸುತ್ತಿದ್ದೆ, ಕೇಳಲಿಲ್ಲ.

15 ಮಾರ್ಚ್, ಶನಿವಾರ

ಇವತ್ತು ಮುಥೋನಿ ನನಗೆ ಮೋಸ ಮಾಡಿದರು. ತೋಟಾಗಳನ್ನು ತಾವೇ ತುಂಬಿಕೊಡುತ್ತಿದ್ದರು. ಎರಡನೆಯ ಸಲ ಟ್ರಿಗರ್ ಒತ್ತಿದಾಗ ಟಕ್ ಎಂದಿತು, ಅಷ್ಟೇ. ಮದ್ದಿಲ್ಲದ ಖಾಲಿ ತೋಟಾ. ಆದರೆ ಬಂದೂಕಿನ ಮೂತಿ ಒಂದು ಗೇಣು ಕೆಳಗೆ ಜಗ್ಗಿತ್ತು, ಕಣ್ಣು ಮುಚ್ಚಿಕೊಂಡಿತ್ತು. ಸದ್ದು ಬರುವ ಮೊದಲೇ ನಾನು ಹೆದರುತ್ತಿದ್ದೆ. ಹೊಡೆತ ಜೋರಾಗಿರುವಾಗ ಅದು ಕಾಣುವುದಿಲ್ಲ. ಸುಮ್ಮನಿದ್ದಾಗ ಮಾತ್ರ ಕಾಣುತ್ತದೆ.

"ಈಗ ನಿನ್ನ ಶತ್ರುವನ್ನು ನೋಡಿದೆಯಲ್ಲ," ಎಂದರು. "ಪೋಲೆ ಪೋಲೆ. ನಿಧಾನ. ಟ್ರಿಗರ್ ಎಳೆಯಬೇಡ, ಹಿಂಡು. ಯಾವಾಗ ಸಿಡಿಯಿತು ಅಂತ ನಿನಗೇ ಆಶ್ಚರ್ಯವಾಗಬೇಕು."

ಕೊನೆಯ ಐದರಲ್ಲಿ ನಾಲ್ಕು ತಟ್ಟೆಯೊಳಗೆ ಬಿದ್ದವು. ಆ ಇಬ್ಬರು ಗಂಡಸರು ಇವತ್ತು ನಗಲಿಲ್ಲ.

ಚಹಾ ಕುಡಿಯುತ್ತಾ ತೋಟಾಗಳ ಮಾತು ಬಂತು. ಒಂದೇ ಬಂದೂಕಿನಿಂದ ಎರಡು ಕಂಪನಿಯ ಸ್ಲಗ್ ಹೊಡೆದರೆ ಎರಡು ಬೇರೆ ಜಾಗಕ್ಕೆ ಹೋಗುತ್ತವಂತೆ. ಆರಿಸುವುದು ಮನುಷ್ಯರಲ್ಲ, ಬಂದೂಕು. ಮರಳಿನ ಚೀಲದ ಮೇಲಿಟ್ಟು ಒಂದೊಂದು ಬಗೆಯ ಐದೈದು ಹೊಡೆದು ನೋಡಬೇಕು, ಯಾವುದು ಒತ್ತಾಗಿ ಕೂರುತ್ತದೋ ಅದನ್ನು ಹಿಡಿಯಬೇಕು, ಮತ್ತೆ ಬದಲಾಯಿಸಬಾರದು. ನಾವು ಹಾಗೆ ಹೊಡೆದು ನೋಡಿರಲಿಲ್ಲ ಎಂದೆ. ಮತ್ತೆ ಹೇಗೆ ಆರಿಸಿದಿರಿ ಎಂದು ಕೇಳಿದರು. ಓದಿ, ಎಂದೆ.

ಅವರು ಸಕ್ಕರೆ ಕಲಕಿಕೊಂಡರು.

18 ಮಾರ್ಚ್, ಮಂಗಳವಾರ

ಪಾರ್ಕ್‌ಲ್ಯಾಂಡ್ಸ್ ಆಸ್ಪತ್ರೆಗೆ ಹೋಗಿದ್ದೆ. ಡೆಂಜಿಲ್‌ಗೆ ಇವತ್ತಿಗೆ ಒಂದು ತಿಂಗಳು. ಕಾಲು ಎತ್ತಿ ಕಟ್ಟಿದ್ದಾರೆ. ಮನೆಯಿಂದ ತಂದ ಗಂಜಿಯನ್ನು ನರ್ಸಿನಿಂದ ಮುಚ್ಚಿಟ್ಟುಕೊಂಡು ತಿನ್ನುತ್ತಿದ್ದ. ನಾನು ಬಂದೂಕು ಕಲಿಯುತ್ತಿರುವ ಸುದ್ದಿ ಅವನಿಗೆ ತಲುಪಿದೆ. ಇನ್ನೊಂದು ಕಾಲು ಉಳಿದಿದೆ ರಂಜನಿ, ಅದಕ್ಕೆ ಗುರಿ ಇಡಬೇಡ ಎಂದ.

ನಾನು ವಿನ್ಸೆಂಟ್‌ನ ಮೇಲೆ ಬೇಸರದಿಂದ ಏನೋ ಅಂದೆ. ಅವನು ಚಮಚ ಕೆಳಗಿಟ್ಟ.

"ನೀನು ಓಡಿದೆ. ತಪ್ಪಲ್ಲ, ನಾನೂ ಓಡ್ತಿದ್ದೆ, ಕಾಲು ಕೆಸರಲ್ಲಿ ಸಿಕ್ಕಿತ್ತು. ಅವನು ಓಡಲಿಲ್ಲ. ಎರಡು ಗುಂಡು ಮುಗಿದ ಮೇಲೆ ಖಾಲಿ ಬಂದೂಕನ್ನ ದೊಣ್ಣೆ ಥರ ಹಿಡ್ಕೊಂಡು ಆ ಪ್ರಾಣಿಯ ಮೂತಿಗೆ ಬಡಿದ. ಅದಕ್ಕೇ ಅದು ತಿರುಗಿ ಹೋಯ್ತು. ಇಲ್ಲದಿದ್ರೆ ಇವತ್ತು ನೀನು ನನ್ನ ಫೋಟೋ ಮುಂದೆ ಕ್ಯಾಂಡಲ್ ಹಚ್ಚಬೇಕಿತ್ತು."

ಇದು ನನಗೆ ಗೊತ್ತಿರಲಿಲ್ಲ. ನಾನು ತಿರುಗಿ ನೋಡಿರಲಿಲ್ಲ. ಹಾಗಾದರೆ ನಾನು ಬರೆದುಕೊಟ್ಟ ಹೇಳಿಕೆಯಲ್ಲಿ ನಾನು ನೋಡಿದ್ದು ಎಷ್ಟು?

22 ಮಾರ್ಚ್, ಶನಿವಾರ

ಎರಡು ವಾರ ರೇಂಜಿನ ಬಂದೂಕಾಯಿತು. ಮುಂದಿನ ತರಬೇತಿ ನಮ್ಮ ಸಂಸ್ಥೆಯ ಬಂದೂಕಿನಲ್ಲೇ ಆಗಬೇಕು ಎಂದು ನಿಯಮ. ಕೃಷ್ಣಪ್ರಸಾದ್ ಏಪ್ರಿಲ್ ಕೊನೆಯವರೆಗೂ ಪ್ರತಿ ಶನಿವಾರಕ್ಕೆ ಅನುಮತಿ ಬರೆದುಕೊಟ್ಟಿದ್ದಾರೆ. ಸ್ಟೋರಿನವರು ನಮ್ಮ ಎರಡು ನಳಿಕೆಯ ಬಂದೂಕನ್ನೂ ನೀಲಿ ಪೆಟ್ಟಿಗೆಯನ್ನೂ ಲೈಸೆನ್ಸಿನ ಸಮೇತ ರೇಂಜಿಗೆ ತಂದರು.

ಮೊದಲ ಗುಂಡು ತಟ್ಟೆಯ ಹೊರಗೆ ಎಡಕ್ಕೆ. ಎರಡನೆಯದು ಗುರಿಯ ಕಾಗದದಲ್ಲೇ ಇಲ್ಲ. ನಾನು ಮತ್ತೆ ಹೆದರುತ್ತಿದ್ದೇನೆ ಅಂದುಕೊಂಡೆ, ಉಸಿರು ಬಿಗಿಹಿಡಿದು ಹಿಂಡಿದೆ. ಬಲಗಡೆ ಮೇಲೆ. ನಾಲ್ಕನೆಯದು ಕೆಳಗೆ. ನಾಚಿಕೆಯಿಂದ ಕಿವಿ ಸುಟ್ಟಿತು. ಮುಥೋನಿ ಬಂದೂಕು ತೆಗೆದುಕೊಂಡರು. ಮರಳಿನ ಚೀಲದ ಮೇಲಿಟ್ಟು, ಕೂತು, ಅವರೇ ಐದು ಹೊಡೆದರು. ಮೂವತ್ತು ವರ್ಷ ಪೊಲೀಸರಿಗೆ ಗುರಿ ಕಲಿಸಿದವರು. ಅವರ ಐದೂ ಒಂದೊಂದು ದಿಕ್ಕಿಗೆ.

ಕಾಗದ ತಂದು ಬೆಳಕಿಗೆ ಹಿಡಿದರು. ತೂತುಗಳು ದುಂಡಗಿರಲಿಲ್ಲ, ಸೌತೆಬೀಜದ ಹಾಗೆ ಉದ್ದಕ್ಕಿದ್ದವು. ಗುಂಡು ಮೂತಿ ಮುಂದಾಗಿ ಬಂದಿಲ್ಲ, ಪಲ್ಟಿ ಹೊಡೆಯುತ್ತಾ ಅಡ್ಡಡ್ಡ ಬಂದು ಬಡಿದಿದೆ ಎಂದರು. ಬಂದೂಕನ್ನು ಮಡಚಿ ನಳಿಕೆಯೊಳಗೆ ನೋಡಲು ಹೇಳಿದರು. ಒಳಗೆ ಕನ್ನಡಿಯಂತೆ ನುಣುಪು. ಈ ಬಗೆಯ ಸ್ಲಗ್ ನಳಿಕೆಗಿಂತ ಸಣ್ಣದು, ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕೂತಿರುತ್ತದೆ. ನಳಿಕೆಯ ಒಳಗೆ ಸುರುಳಿ ಗೀರುಗಳಿದ್ದರೆ ಅವು ಅದನ್ನು ಬುಗುರಿಯಂತೆ ತಿರುಗಿಸಿ ಬಿಡುತ್ತವೆ, ಆಗ ನೆಟ್ಟಗೆ ಹೋಗುತ್ತದೆ. ನುಣುಪು ನಳಿಕೆಯಲ್ಲಿ ತಿರುಗಿಸುವವರೇ ಇಲ್ಲ. ನುಣುಪು ನಳಿಕೆಗೆ ಇಡೀ ಸೀಸದ, ಮೂತಿಯ ಕಡೆ ಭಾರವಿರುವ, ಹಳೆಯ ಬಗೆಯ ಸ್ಲಗ್ಗೇ ಬೇಕು. ನಾನು ನವೆಂಬರಿನಲ್ಲಿ ಪಕ್ಕಕ್ಕೆ ತಳ್ಳಿದ ಅಗ್ಗದ ಪೆಟ್ಟಿಗೆ.

ಪೆಟ್ಟಿಗೆಯ ಮಡಿಕೆಯ ಒಳಗೆ ಸಣ್ಣ ಅಕ್ಷರದಲ್ಲಿ ಅದು ಬರೆದೂ ಇದೆ. ನಾನು ಚಿತ್ರ ನೋಡಿದ್ದೆ.

ಇನ್ನೊಂದು ವಾಕ್ಯ ಬರೆಯಬೇಕು. ಮೂರನೆಯ ತಾರೀಖಿನಂದೇ ಬರೆಯಬಹುದಿತ್ತು. ನವೆಂಬರಿನಲ್ಲಿ ಸ್ಟೋರಿನ ಬಾಗಿಲಲ್ಲಿ ವಿನ್ಸೆಂಟ್ ಒಂದು ತೋಟಾ ಎತ್ತಿ ನೋಡಿ, "ದಕ್ತಾರಿ, ಇದು ನಮ್ಮ ಬಂದೂಕಿನದಲ್ಲ" ಎಂದಿದ್ದ. ಡಾಕ್ಟರ್‌ಗೆ ಸ್ವಾಹಿಲಿಯಲ್ಲಿ ಹಾಗನ್ನುತ್ತಾರೆ. ನಾನು ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ ಬೆರಳಿಟ್ಟು ತೋರಿಸಿದೆ. ಸವಾ, ಆಗಲಿ, ಎಂದು ಹೊರಟುಹೋದ.

ಮರೆತಿದ್ದೆ ಅಂತ ಬರೆಯೋಣವೆಂದರೆ, ಮರೆತಿರಲಿಲ್ಲ.

24 ಮಾರ್ಚ್

ಬರೆದು ಹರಿದೆ.

26 ಮಾರ್ಚ್, ಬುಧವಾರ

ಕೃಷ್ಣಪ್ರಸಾದರಿಗೆ ಎಲ್ಲ ಹೇಳಿದೆ. ತೂತು ಬಿದ್ದ ಕಾಗದವನ್ನೂ ತೋರಿಸಿದೆ. ಮಧ್ಯೆ ಮಾತಾಡದೆ ಕೇಳಿದರು, ನನಗೆ ನೀರು ತರಿಸಿದರು. ಒಳ್ಳೆಯವರು ಎಂದು ನಾನು ಇವತ್ತಿಗೂ ನಂಬುತ್ತೇನೆ. ಕಷ್ಟ ಇರುವುದೇ ಅಲ್ಲಿ.

ಸಂಸ್ಥೆಯ ತಪ್ಪೆಂದು ಕಾಗದದ ಮೇಲೆ ಬಂದರೆ ಡೆಂಜಿಲ್‌ನ ವಿಮೆಯವರು ಹಿಂದೆ ಸರಿಯಬಹುದು ಎಂದರು. ನನ್ನ ಒಪ್ಪಂದ ಮೇ ತಿಂಗಳಲ್ಲಿ ನವೀಕರಣಕ್ಕೆ ಬರುತ್ತದೆ ಎಂದೂ ನೆನಪಿಸಿದರು, ಕ್ಯಾಲೆಂಡರ್ ನೋಡುತ್ತಾ. ಆಮೇಲೆ ದಾರಿ ತೋರಿಸಿದರು. ವಿನ್ಸೆಂಟ್‌ನನ್ನು ಬೀದಿಗೆ ಹಾಕುವುದಿಲ್ಲ, ಗೇಟಿನಲ್ಲಿ ಕೂರಿಸೋಣ. ನೀವು ಸರ್ಟಿಫಿಕೇಟ್ ತೆಗೆದುಕೊಳ್ಳಿ, ಫೀಲ್ಡ್ ನಿಮ್ಮದೇ, ನಾನೇ ಸಹಿ ಹಾಕುತ್ತೇನೆ. ತೋಟಾ ಬದಲಾಯಿಸೋಣ, ಸದ್ದಿಲ್ಲದೆ.

"ಎಲ್ಲರಿಗೂ ಆಯ್ತಲ್ಲ ಮೇಡಂ. ಇನ್ನೇನು ಬೇಕು?"

ಮಾರ್ಚ್ ಮೂರಕ್ಕೆ ನನಗೆ ಬೇಕಾಗಿದ್ದುದೆಲ್ಲ ಆ ಮೇಜಿನ ಮೇಲಿತ್ತು. ಯೋಚಿಸಿ ಹೇಳುತ್ತೇನೆ ಎಂದು ಎದ್ದುಬಂದೆ. ಬೇಡ ಎನ್ನಲಿಲ್ಲ. ಅದನ್ನೂ ಬರೆದಿಡಬೇಕು.

ಡೆಂಜಿಲ್‌ಗೆ ಫೋನ್ ಮಾಡಿ ವಿಮೆಯ ವಿಷಯ ಕೇಳಿದೆ. ಅಪಘಾತಕ್ಕೆ ಕೊಡುವ ವಿಮೆ ಅದು, ತಪ್ಪು ಯಾರದ್ದಾದರೂ ಕೊಡಬೇಕು, ತಾನು ಓದಿದ್ದೇನೆ ಎಂದ. ಮಡಿಕೆಯ ಒಳಗಿನ ಸಣ್ಣ ಅಕ್ಷರವನ್ನೂ ಓದಿದೆಯಾ ಎಂದು ಕೇಳಿದೆ. ಆಸ್ಪತ್ರೆಯಲ್ಲಿ ಮಲಗಿದವನಿಗೆ ಬೇರೆ ಏನು ಕೆಲಸ ಎಂದ.

30 ಮಾರ್ಚ್, ಭಾನುವಾರ

ಕಂಗೇಮಿಗೆ, ವಿನ್ಸೆಂಟ್ ಅವರ ಮನೆಗೆ ಹೋಗಿದ್ದೆ. ಮಧುಕರ ಕಾರಿನಲ್ಲಿ ಬಿಡುತ್ತೇನೆ ಎಂದ, ಬೇಡ ಎಂದು ನಮ್ಮ ಕಿಲೆಲೆಶ್ವಾದಿಂದ ಮಟಾಟು, ಅಂದರೆ ಇಲ್ಲಿನ ಸಣ್ಣ ಬಸ್ಸು, ಹಿಡಿದೆ. ವಿನ್ಸೆಂಟ್ ಚರ್ಚಿನಿಂದ ಆಗಷ್ಟೇ ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಂಡತಿ ಚಹಾ ಕೊಟ್ಟು ಒಳಗೆ ಹೋದರು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳು ಯಾವುವೂ ಬಾಯಿಗೆ ಬರಲಿಲ್ಲ. ಕಾಗದ ತೆಗೆದು ಮೇಜಿನ ಮೇಲೆ ಹರಡಿದೆ.

ಅವರು ತೂತುಗಳ ಮೇಲೆ ಬೆರಳಾಡಿಸಿದರು.

"ನೀವು ಹೇಳಿದ್ದಿರಿ," ಎಂದೆ. "ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನಿಮ್ಮನ್ನು ಕೇಳುತ್ತಿದ್ದರು. ನೀವು ನೆನಪಿಲ್ಲ ಅನ್ನುತ್ತಿದ್ದಿರಿ. ಈಗ ನಾನು ಗುರಿ ತಪ್ಪಿದವನು ಮಾತ್ರ, ದಕ್ತಾರಿ. ಆಗ ಸುಳ್ಳನೂ ಆಗುತ್ತಿದ್ದೆ."

ಹಾಗೆ ಅನ್ನುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ.

ತಪ್ಪೆಂದು ಗೊತ್ತಿದ್ದೂ ಆ ತೋಟಾ ಹಿಡಿದು ನಮ್ಮ ಜೊತೆ ಬಂದದ್ದು ಯಾಕೆ ಎಂದು ಕೇಳಿದೆ. ಅವರು ಬರದಿದ್ದರೆ ನಾವು ಬರಿಗೈಯಲ್ಲಿ ಹೋಗುತ್ತಿದ್ದೆವು ಎಂದರು. ಅದು ನಿಜ. ಹೋಗುತ್ತಿದ್ದೆವು.

ಗೇಟಿನ ಕೆಲಸದ ಮಾತನ್ನೂ ಮುಚ್ಚಿಡಲಿಲ್ಲ. ಅವರು ನಕ್ಕರು. ಹತ್ತೊಂಬತ್ತು ವರ್ಷದ ಸರ್ಟಿಫಿಕೇಟು, ಅದನ್ನು ಕೊಟ್ಟು ಕಾರುಗಳ ನಂಬರ್ ಬರೆದುಕೊಳ್ಳಬೇಕೇ ಎಂದರು. ಅವರು ನನ್ನನ್ನು ಕ್ಷಮಿಸಿದಂತೆ ಕಾಣಲಿಲ್ಲ, ನಾನೂ ಕೇಳಲಿಲ್ಲ. ಆದರೆ ಹೊರಡುವಾಗ ಮತ್ತೆ ಕಾಗದದ ಕಡೆ ನೋಡಿ, ನೀವು ಹೊಡೆದದ್ದು ಯಾವುವು, ಮುಥೋನಿ ಹೊಡೆದದ್ದು ಯಾವುವು ಎಂದು ವಿಚಾರಿಸಿದರು. ಇಷ್ಟು ಸಾಲದು ಎಂದರು. ಇದನ್ನು ನೋಡಿದವರು ಬಂದೂಕೇ ಕೆಟ್ಟಿದೆ ಅನ್ನುತ್ತಾರೆ, ಕಾವಲಿನವನು ಯಾಕೆ ನೋಡಿಕೊಳ್ಳಲಿಲ್ಲ ಅನ್ನುತ್ತಾರೆ. ಅದೇ ಬಂದೂಕು, ಅದೇ ದಿನ, ಒಂದು ಹಳೆಯದು, ಒಂದು ನೀಲಿ, ಸರದಿಯಲ್ಲಿ. ಹೊಡೆಯುವವರು ಒಬ್ಬರೇ ಇರಬೇಕು, ಹೊಸಬರಾದರೆ ಇನ್ನೂ ಒಳ್ಳೆಯದು.

"ಹಳೆಯ ತೋಟಾದಲ್ಲಿ ಹೊಸಬರ ಗುಂಡೂ ತಾಗುತ್ತೆ, ನೀಲಿಯಲ್ಲಿ ನನ್ನದೂ ತಾಗಲಿಲ್ಲ ಅಂದರೆ, ಸಮಿತಿಯವರು ಯೋಚಿಸಬೇಕಾಗುತ್ತೆ."

5 ಏಪ್ರಿಲ್, ಶನಿವಾರ

ರಾತ್ರಿಯೆಲ್ಲ ಸುರಿದ ಮಳೆ ಬೆಳಿಗ್ಗೆ ನಿಂತಿತ್ತು. ವಿನ್ಸೆಂಟ್ ಬಂದಿದ್ದರು. ಅಮಾನತಿನಲ್ಲಿರುವುದರಿಂದ ಬಂದೂಕು ಮುಟ್ಟುವಂತಿಲ್ಲ. ಗೆರೆಯ ಹಿಂದೆ ಕುರ್ಚಿ ಹಾಕಿಕೊಂಡು ಕೈ ಕಟ್ಟಿ ಕೂತರು. ಮುಥೋನಿಯೂ ಅವರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡರು, ಆಮೇಲೆ ಸ್ವಾಹಿಲಿಯಲ್ಲಿ ನನ್ನ ಬಗ್ಗೆ ಏನೋ ಹೇಳಿಕೊಂಡು ಇಬ್ಬರೂ ನಕ್ಕರು. ಏನು ಎಂದು ಕೇಳಿದೆ. ಇಷ್ಟು ಗಟ್ಟಿಯಾಗಿ ಹಿಡಿದರೆ ಬಂದೂಕಿಗೆ ಉಸಿರುಕಟ್ಟುತ್ತದೆ ಎಂದು ಹೇಳಿದರಂತೆ.

ಮರಳಿನ ಚೀಲ, ಇಪ್ಪತ್ತೈದು ಮೀಟರ್, ಎರಡು ಹೊಸ ಕಾಗದ. ಮುಥೋನಿ ಪ್ರತಿ ಸಲ ತೋಟಾದ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಹಳೆಯ ಬಗೆ ಎಡಗಡೆಯ ಕಾಗದಕ್ಕೆ, ನೀಲಿ ಬಲಗಡೆಯದಕ್ಕೆ. ಮೂರನೆಯ ಜೋಡಿಯ ಹೊತ್ತಿಗೆ ಭುಜ ನೋಯತೊಡಗಿತು. ಹಿಂದಿನಿಂದ ವಿನ್ಸೆಂಟ್, ಕೆನ್ನೆ ಎತ್ತುತ್ತಿದ್ದೀರಿ ಎಂದರು. ಎತ್ತುತ್ತಿದ್ದೆ. ಇಳಿಸಿದೆ.

ಎಡಗಡೆ ಐದು, ಎಲ್ಲವೂ ದುಂಡಗೆ. ನನ್ನ ಅಂಗೈ ಇಟ್ಟರೆ ಐದೂ ಮುಚ್ಚಿದವು. ಬಲಗಡೆ ಮೂರು ಉದ್ದ ತೂತು, ಒಂದಕ್ಕೊಂದು ಮೊಳ ದೂರ. ಮಿಕ್ಕ ಎರಡು ಕಾಗದಕ್ಕೆ ಬರಲೇ ಇಲ್ಲ.

ವಿನ್ಸೆಂಟ್ ಎದ್ದು ಬಂದು ಬಲಗಡೆಯ ಕಾಗದದ ಮುಂದೆ ನಿಂತರು. ಎಷ್ಟು ಹೊತ್ತು ನಿಂತರೆಂದರೆ ಪಕ್ಕದ ಸಾಲಿನವರು ಹೊಡೆಯುವುದನ್ನು ನಿಲ್ಲಿಸಿ ಕಾದರು. ಆಮೇಲೆ ಕರ್ಚೀಫಿನಿಂದ ಮುಖ ಒರೆಸಿಕೊಂಡು ಬಂದು, "ಅದರ ಎರಡು ಕಣ್ಣಿನ ಮಧ್ಯಕ್ಕೇ ಹಿಡಿದಿದ್ದೆ" ಎಂದರು. ನನಗಲ್ಲ. ಮುಥೋನಿಗೂ ಅಲ್ಲ.

ಎರಡೂ ಕಾಗದಗಳ ಮೇಲೆ ತಾರೀಖು, ಬಂದೂಕಿನ ನಂಬರ್, ಮುಥೋನಿಯ ಸಹಿ, ನನ್ನ ಸಹಿ.

ಸರ್ಟಿಫಿಕೇಟಿನ ಪರೀಕ್ಷೆಗೆ ನಾನು ತಯಾರಿದ್ದೇನಂತೆ, ಮುಥೋನಿ ಹೇಳಿದರು. ಆ ಫಾರಂ ಎಲ್ಲಿಟ್ಟೆನೋ, ಹುಡುಕಬೇಕು.

6 ಏಪ್ರಿಲ್, ಭಾನುವಾರ

ಪತ್ರ ಮುಗಿಯಿತು. ಎರಡು ಪುಟ. ಸಮಿತಿಯ ಅಧ್ಯಕ್ಷರು ಹೊರಗಿನ ವಕೀಲರು. ಅವರ ಆಫೀಸಿನ ವಿಳಾಸಕ್ಕೇ ಕಳಿಸುತ್ತೇನೆ, ಸಂಸ್ಥೆಯ ಟಪಾಲಿನಲ್ಲಿ ಅಲ್ಲ. ತೂತಿನ ಕಾಗದಗಳ ಫೋಟೋ ಸಾಲದು, ಅವೇ ಹೋಗಬೇಕು. ಆದ್ದರಿಂದ ಇಮೇಲ್ ಅಲ್ಲ.

ಮೊದಲ ಕರಡಿನಲ್ಲಿ 'ತೋಟಾಗಳ ಆಯ್ಕೆಯಲ್ಲಿ ಲೋಪವಾಗಿದೆ' ಎಂದು ಬರೆದಿದ್ದೆ. ಯಾರಿಂದ ಎಂದಿರಲಿಲ್ಲ. ಇಂಥ ವಾಕ್ಯ ಬರೆಯುವುದರಲ್ಲಿ ನನಗೆ ಇಪ್ಪತ್ತು ವರ್ಷದ ಅಭ್ಯಾಸವಿದೆ. ಅದನ್ನು ಹೊಡೆದುಹಾಕಿ ಹೀಗೆ ಬರೆದೆ: ತೋಟಾಗಳನ್ನು ಆರಿಸಿದವಳು ನಾನು. ಅವು ಈ ಬಂದೂಕಿಗಲ್ಲ ಎಂದು ವಿನ್ಸೆಂಟ್ ಒಕೆಲೊ ಅವರು ನನಗೆ ಮುಂಚೆಯೇ ಹೇಳಿದ್ದರು. ನಾನು ಕೇಳಲಿಲ್ಲ. ಅವರು ಗುರಿ ತಪ್ಪಿದರು ಎಂಬ ನನ್ನ ಹೇಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ಹೊತ್ತಿಗೆ ನಾನು ಬೆನ್ನು ತಿರುಗಿಸಿ ಓಡುತ್ತಿದ್ದೆ, ನೋಡಿರಲಿಲ್ಲ.

ಮಧುಕರ ಎರಡು ಸಲ ಓದಿದ. ಓಡುತ್ತಿದ್ದೆ ಎಂಬುದನ್ನು ಬಿಡಬಹುದಲ್ಲ ಎಂದ. ಬಿಟ್ಟರೆ ಮಿಕ್ಕದ್ದನ್ನು ಯಾಕೆ ನಂಬಬೇಕು ಎಂದೆ. ಮೇ ತಿಂಗಳ ಮಾತು ಎತ್ತಿದ. ಮೇ ಬಂದಾಗ ನೋಡೋಣ ಎಂದೆ. ಆಮೇಲೆ, ದೊಡ್ಡ ಲಕೋಟೆ ಬೇಕಾಗುತ್ತೆ, ಕಾಗದ ಮಡಚಿದರೆ ತೂತು ಹರಿಯುತ್ತೆ ಎಂದು ಕಪಾಟು ಹುಡುಕಲು ಹೋದ.

ಸಂಜೆ ಕೃಷ್ಣಪ್ರಸಾದ್ ಫೋನ್ ಮಾಡಿದರು. ಅವರಿಗೆ ತಿಳಿಯದಂತೆ ಮಾಡುವುದು ನನಗಿಷ್ಟವಿಲ್ಲ, ಹೇಳಿದೆ. "ಇನ್ನೂ ಒಂದು ವಾರ ಇದೆ ಮೇಡಂ, ಯೋಚನೆ ಮಾಡಿ," ಎಂದರು. "ಒಂದು ಸಲ ಹೋಯ್ತು ಅಂದ್ರೆ ವಾಪಸ್ ಬರಲ್ಲ."

ಅದಕ್ಕೇ ರಿಜಿಸ್ಟರ್ಡ್ ಪೋಸ್ಟ್ ಸರ್, ಎಂದೆ.

ಲಕೋಟೆ ಅಂಟಿಸಿದ್ದೇನೆ. ಪೋಸ್ಟ್ ಆಫೀಸು ಎಂಟಕ್ಕೆ ತೆರೆಯುತ್ತದೆ. ಪತ್ರದ ತಲೆಯಲ್ಲಿ ತಾರೀಖಿನ ಜಾಗ ಖಾಲಿ ಬಿಡಲಿಲ್ಲ, ನಾಳೆಯದನ್ನು ಪೆನ್ನಿನಲ್ಲೇ ಬರೆದುಬಿಟ್ಟೆ: ಏಪ್ರಿಲ್ 7, 2025, ಸೋಮವಾರ.